ಬಳ್ಳಾರಿ ಬಿಸಿಲಿನಲ್ಲಿ ಹೈಬ್ರಿಡ್ ಕಾರು: ಉಳಿಯುವುದೆಷ್ಟು, ಖರ್ಚಾಗುವುದೆಷ್ಟು?

ಪ್ರಶ್ನೆ: ನಾವು ಬಳ್ಳಾರಿ ಗಾಂಧಿನಗರದಾಗ ಬಾಡಿಗೆ ಮನ್ಯಾಗ ಇದ್ದೀವಿ. ಮನೆ ಮೇಲಿನ ಮಹಡಿ, ಕಾರು ರಸ್ತೆ ಬದಿ ಬಿಸಿಲಾಗೇ ನಿಲ್ತದ. ಕೆಲಸ ತೋರಣಗಲ್ಲಿನಾಗ, ದಿನಾ ಹೋಗಿ ಬರೋದು 70 ಕಿ.ಮೀ. ತಿಂಗಳಿಗೊಮ್ಮೆ ಸಿಂಧನೂರು ಕಡೆ ಮಾವನ ಮನೆಗೆ ಹೋಗಿ ಬರ್ತೀವಿ, ಬರೋವಾಗ ಡಿಕ್ಕಿ ತುಂಬ ಅಕ್ಕಿ ಚೀಲ. ವರ್ಷಕ್ಕೆ ಏನಿಲ್ಲಂದ್ರೂ 22,000 ಕಿ.ಮೀ. ಆಗ್ತದ. ಷೋರೂಮಿನವ್ರು ಆಟೊಮ್ಯಾಟಿಕ್ ಪೆಟ್ರೋಲ್ ಬದಲು ಹೈಬ್ರಿಡ್ ತಗೋರಿ, 28 ಮೈಲೇಜ್ ಕೊಡ್ತದ ಅಂತಾರ. ರೇಟು ಎರಡೂಮುಕ್ಕಾಲು ಲಕ್ಷ ಜಾಸ್ತಿ. ನಮ್ಮ ಭಾವ ಡೀಸೆಲ್ಲೇ ತಗೋ ಅಂತಾನ. ಬ್ಯಾಟರಿ ನಮ್ಮ ಬಿಸಿಲಿಗೆ ತಡೀತದೇನು? ದಾರ್ಯಾಗ ಕೆಟ್ಟು ನಿಂತ್ರ ಯಾರು ನೋಡ್ತಾರ? ಹೆಚ್ಚಿಗೆ ಕೊಟ್ಟ ರೊಕ್ಕ ವಾಪಸ್ ಬರ್ತದೇನು?

ಉತ್ತರ: ಕಾರನ್ನು ಎಂಟು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ನಿಮ್ಮ ಓಡಾಟಕ್ಕೆ ಹೈಬ್ರಿಡ್ ಹೊಂದುತ್ತದೆ. ನಾಲ್ಕೈದು ವರ್ಷಕ್ಕೆ ಮಾರುವವರಾದರೆ ಹೆಚ್ಚುವರಿ ಹಣ ಪೆಟ್ರೋಲ್ ಉಳಿತಾಯದಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ. ಇದನ್ನು ತೀರ್ಮಾನಿಸುವುದು ಕಂಪನಿ ಹೇಳುವ ಮೈಲೇಜ್ ಅಲ್ಲ. ನೀವು ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ, ಆ ಕಿಲೋಮೀಟರ್‌ಗಳು ಎಂಥ ರಸ್ತೆಯಲ್ಲಿ ಆಗುತ್ತವೆ ಎಂಬುದೇ ತೀರ್ಮಾನಿಸುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಷೋರೂಮಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿಗೂ ಹೈಬ್ರಿಡ್ ಅಂತಲೇ ಹೆಸರು. ಒಂದು ಮೈಲ್ಡ್ ಹೈಬ್ರಿಡ್. ಇದರಲ್ಲಿ ಆಲ್ಟರ್ನೇಟರ್ (ಇಂಜಿನ್ನಿನಿಂದ ಕರೆಂಟು ಹುಟ್ಟಿಸುವ ಭಾಗ) ಜಾಗದಲ್ಲಿ ಬೆಲ್ಟಿಗೆ ಕಟ್ಟಿದ ಸಣ್ಣ ಮೋಟಾರು ಇರುತ್ತದೆ. ಸಿಗ್ನಲ್‌ನಲ್ಲಿ ಇಂಜಿನ್ ಆರಿಸಿ ಮತ್ತೆ ಹಚ್ಚುವುದು, ಕಾರು ಎತ್ತುವಾಗ ಸ್ವಲ್ಪ ಕೈಜೋಡಿಸುವುದು, ಇಷ್ಟೇ ಅದರ ಕೆಲಸ. ಮೋಟಾರೊಂದರಿಂದಲೇ ಕಾರು ಮುಂದೆ ಹೋಗುವುದಿಲ್ಲ. ಎರ್ಟಿಗಾ, ಎಕ್ಸ್‌ಎಲ್6 ಮುಂತಾದವುಗಳಲ್ಲಿ ಇರುವುದು ಈ ಬಗೆ. ಇನ್ನೊಂದು ಸ್ಟ್ರಾಂಗ್ ಹೈಬ್ರಿಡ್. ಇದರಲ್ಲಿ ನೂರಾರು ವೋಲ್ಟಿನ ಬ್ಯಾಟರಿ ಮತ್ತು ದೊಡ್ಡ ಮೋಟಾರು ಇರುತ್ತವೆ, ಇಂಜಿನ್ ಪೂರ್ತಿ ಆರಿದ್ದರೂ ಕಾರು ಓಡುತ್ತದೆ. ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ, ವಿಕ್ಟೋರಿಸ್, ಇನ್ನೋವಾ ಹೈಕ್ರಾಸ್, ಹೋಂಡಾ ಸಿಟಿ ಇವುಗಳ ಕೆಲವು ವೇರಿಯಂಟ್‌ಗಳಲ್ಲಿ ಮಾತ್ರ ಇದು ಸಿಗುತ್ತದೆ. ಹೈರೈಡರ್, ಗ್ರ್ಯಾಂಡ್ ವಿಟಾರಾಗಳಲ್ಲಿ ಎರಡೂ ಬಗೆ ಇರುವುದರಿಂದ ಬುಕಿಂಗ್ ರಸೀದಿಯಲ್ಲಿ ವೇರಿಯಂಟ್ ಹೆಸರು ಸರಿಯಾಗಿ ಬರೆಸಿಕೊಳ್ಳಿ. ನಿಮಗೆ ಹೇಳಿದ 28ರ ಲೆಕ್ಕ ಸ್ಟ್ರಾಂಗ್ ಹೈಬ್ರಿಡ್‌ನದು. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾಗೆ ಘೋಷಿಸಿರುವುದು ಲೀಟರಿಗೆ 27.97 ಕಿ.ಮೀ. ಮುಂದೆ ಹೇಳುವುದೆಲ್ಲ ಈ ಬಗೆಯ ಬಗ್ಗೆಯೇ. ಇದಕ್ಕೆ ಚಾರ್ಜಿಂಗ್ ವೈರು ಬೇಡ, ತನ್ನ ಬ್ಯಾಟರಿಯನ್ನು ತಾನೇ ತುಂಬಿಕೊಳ್ಳುತ್ತದೆ.

ಈ ಕಾರು ಪೆಟ್ರೋಲ್ ಉಳಿಸುವುದು ಎಲ್ಲಿಂದ ಎಂದು ತಿಳಿದರೆ ಎಲ್ಲಿ ಉಳಿಸುವುದಿಲ್ಲ ಎನ್ನುವುದೂ ತಿಳಿಯುತ್ತದೆ. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ವೇಗ ಪ್ಯಾಡಿನ ಬಿಸಿಯಾಗಿ ಹಾಳಾಗುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರೇ ಜನರೇಟರ್ ಆಗಿ ತಿರುಗಿ ಆ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಕಳಿಸುತ್ತದೆ. ಎರಡನೆಯದಾಗಿ, ನಿಧಾನವಾಗಿ ತೆವಳುವಾಗ ಮತ್ತು ನಿಂತಾಗ ಇಂಜಿನ್ ಸುಮ್ಮನೆ ಉರಿಯುವುದಿಲ್ಲ. ಮೂರನೆಯದಾಗಿ, ಇಂಜಿನ್ ಅಟ್ಕಿನ್ಸನ್ ವಿಧಾನದ್ದು. ಕಡಿಮೆ ಇಂಧನದಲ್ಲಿ ಕೆಲಸ ಮಾಡುತ್ತದೆ, ಆದರೆ ಕಡಿಮೆ ಆರ್‌ಪಿಎಂನಲ್ಲಿ ಎಳೆಯುವ ಬಲ ಸಾಲದು. ಆ ಕೊರತೆಯನ್ನು ಮೋಟಾರು ತುಂಬುತ್ತದೆ. ಟೊಯೊಟಾ, ಮಾರುತಿ ಕಾರುಗಳಲ್ಲಿ ಇಂಜಿನ್ ಮತ್ತು ಎರಡು ಮೋಟಾರುಗಳನ್ನು ಪ್ಲಾನೆಟರಿ ಗೇರ್ ಎಂಬ ಒಂದೇ ಗೇರ್ ಜೋಡಣೆ ಕೂಡಿಸುತ್ತದೆ. ಹೋಂಡಾ ಸಿಟಿಯಲ್ಲಿ ಊರೊಳಗೆ ಬಹುಪಾಲು ಮೋಟಾರೇ ಚಕ್ರ ತಿರುಗಿಸುತ್ತದೆ, ಹೈವೇ ವೇಗದಲ್ಲಿ ಒಂದು ಕ್ಲಚ್ಚು ಇಂಜಿನ್ನನ್ನು ನೇರವಾಗಿ ಚಕ್ರಕ್ಕೆ ಸೇರಿಸುತ್ತದೆ.

ಅಂದರೆ ಬ್ರೇಕು, ನಿಲುಗಡೆ, ನಿಧಾನಗತಿ ಹೆಚ್ಚಿದ್ದಲ್ಲಿ ಲಾಭ ಹೆಚ್ಚು. ನಮ್ಮ ಭಾಗದ ಕಷ್ಟ ಇರುವುದು ಇಲ್ಲೇ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಪೆಟ್ರೋಲ್ ಆಟೊಮ್ಯಾಟಿಕ್ 10ಕ್ಕೆ ಇಳಿದಾಗ ಹೈಬ್ರಿಡ್ 20 ದಾಟುವುದುಂಟು. ಹೊಸಪೇಟೆಯಿಂದ ಕುಷ್ಟಗಿ ಕಡೆಗೋ ಚಿತ್ರದುರ್ಗದ ಕಡೆಗೋ ಹೋಗುವ ಖುಲ್ಲಾ ಹೈವೇಯಲ್ಲಿ 100ರ ವೇಗದಲ್ಲಿ ಒಂದೇ ಸಮ ಹೋದರೆ ಬ್ರೇಕ್ ಬೀಳುವುದೇ ಅಪರೂಪ. ವಾಪಸ್ ಹಿಡಿಯಲು ಶಕ್ತಿಯೇ ಇರುವುದಿಲ್ಲ, ಗಾಳಿಯನ್ನು ಸೀಳಲು ಇಂಜಿನ್ ಸತತ ಓಡಲೇಬೇಕು. ಅಲ್ಲಿ ಪೆಟ್ರೋಲ್ ಕಾರು 16-17 ಕೊಟ್ಟರೆ ಹೈಬ್ರಿಡ್ 19-20 ಕೊಡಬಹುದು. 110 ದಾಟಿಸಿದರೆ ಅಂತರ ಇನ್ನೂ ಕಿರಿದಾಗುತ್ತದೆ. ನಿಮ್ಮ ತೋರಣಗಲ್ಲು ದಾರಿ ಇವೆರಡರ ನಡುವಿನದು. ಬೆಳಿಗ್ಗೆ ರಾಯಲ್ ಸರ್ಕಲ್, ಮೋತಿ ಸರ್ಕಲ್ ಕಡೆಯ ನೂಕುನುಗ್ಗಲು, ಊರು ದಾಟಿದ ಮೇಲೆ ಅದಿರು ಮತ್ತು ಉಕ್ಕಿನ ಲಾರಿಗಳ ಸಾಲಿನ ಹಿಂದೆ 30-50ರ ವೇಗದಲ್ಲಿ ಏರಿಳಿತ, ನಡುನಡುವೆ ತೆರವಾದ ರಸ್ತೆ. ಲಾರಿ ಹಿಂದೆ ಸಿಕ್ಕಿಕೊಳ್ಳುವ ಬೇಸರದ ದಾರಿಯೇ ಹೈಬ್ರಿಡ್‌ಗೆ ಒಳ್ಳೆಯ ದಾರಿ. ಆದ್ದರಿಂದ ನಿಮ್ಮ ಲೆಕ್ಕಕ್ಕೆ ಹೈಬ್ರಿಡ್ 21, ಅದೇ ಗಾತ್ರದ ಪೆಟ್ರೋಲ್ ಆಟೊಮ್ಯಾಟಿಕ್ 14.5 ಎಂದು ಹಿಡಿಯುತ್ತೇನೆ. 28ನ್ನು ಮರೆತುಬಿಡಿ. ಅದು ಲ್ಯಾಬಿನಲ್ಲಿ ರೋಲರ್ ಮೇಲೆ, ಕಡಿಮೆ ಸರಾಸರಿ ವೇಗದಲ್ಲಿ ಅಳೆದದ್ದು. ಜೊತೆಗೆ ಈಗ ಬಂಕುಗಳಲ್ಲಿ ಸಿಗುವುದು 20% ಎಥನಾಲ್ ಸೇರಿದ ಪೆಟ್ರೋಲ್. ಶುದ್ಧ ಪೆಟ್ರೋಲಿಗಿಂತ ಲೀಟರಿಗೆ ಸುಮಾರು 7% ಕಡಿಮೆ ಶಕ್ತಿ ಅದರಲ್ಲಿರುತ್ತದೆ.

ಈಗ ರೊಕ್ಕದ ಮಾತು. ಪೆಟ್ರೋಲ್ ಲೀಟರಿಗೆ 104 ರೂಪಾಯಿ ಎಂದು ಹಿಡಿಯೋಣ. ವರ್ಷಕ್ಕೆ 22,000 ಕಿ.ಮೀ.ಗೆ ಪೆಟ್ರೋಲ್ ಆಟೊಮ್ಯಾಟಿಕ್ ಕುಡಿಯುವುದು ಸುಮಾರು 1,517 ಲೀಟರ್, ಹೈಬ್ರಿಡ್ ಕುಡಿಯುವುದು ಸುಮಾರು 1,048 ಲೀಟರ್. ಉಳಿಯುವುದು 469 ಲೀಟರ್, ಅಂದರೆ ಹತ್ತಿರಹತ್ತಿರ 48,800 ರೂಪಾಯಿ.

ಕೊಡಬೇಕಾದ ಹೆಚ್ಚುವರಿ ಹಣ ಎರಡೂಮುಕ್ಕಾಲು ಲಕ್ಷಕ್ಕೇ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ 17%, 20 ಲಕ್ಷ ದಾಟಿದರೆ 18%, ಅದರ ಮೇಲೆ ಸೆಸ್. ಉತ್ತರ ಪ್ರದೇಶ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಬಿಟ್ಟಿತು. ಉತ್ತರ ಭಾರತದವರು ಮಾಡಿದ ವಿಡಿಯೋಗಳಲ್ಲಿ ಹೈಬ್ರಿಡ್ ಅಷ್ಟೊಂದು ಅಗ್ಗವಾಗಿ ಕಾಣಲು ಇದೂ ಒಂದು ಕಾರಣ, ಆ ಲೆಕ್ಕ ನಮಗೆ ಹೊಂದುವುದಿಲ್ಲ. ಹೆಚ್ಚುವರಿ 2.75 ಲಕ್ಷಕ್ಕೆ ತೆರಿಗೆ, ಸೆಸ್ ಸೇರಿಯೇ ಸುಮಾರು 52,000 ಬರುತ್ತದೆ. ಒಟ್ಟು 3.27 ಲಕ್ಷ. ಆ ಮೊತ್ತವನ್ನು 9% ಬಡ್ಡಿಗೆ ಐದು ವರ್ಷದ ಸಾಲ ಮಾಡಿ ಕಟ್ಟಿದರೆ ಬಡ್ಡಿ ಸೇರಿ ಸುಮಾರು 4.07 ಲಕ್ಷ. ಇದನ್ನು 48,800ರಿಂದ ಭಾಗಿಸಿದರೆ ಎಂಟು ವರ್ಷ ನಾಲ್ಕು ತಿಂಗಳು. ಕೈಯಲ್ಲಿದ್ದ ಹಣ ಕೊಟ್ಟು ಕೊಂಡರೆ ಆರು ವರ್ಷ ಎಂಟು ತಿಂಗಳು. ಮಾರುವಾಗ ಹೈಬ್ರಿಡ್‌ಗೆ ಹೆಚ್ಚು ಬೆಲೆ ಬಂದರೆ ಅವಧಿ ಇಳಿಯುತ್ತದೆ. ನಾನು ಆ ಭರವಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಮ್ಮ ಕಡೆ ಹಳೆ ಕಾರು ಕೊಳ್ಳುವವರು ಇನ್ನೂ ಡೀಸೆಲ್ ಕೇಳುತ್ತಾರೆ, ಹೈಬ್ರಿಡ್ ಎಂದರೆ ಬ್ಯಾಟರಿ ಅಂತ ಹಿಂಜರಿಯುತ್ತಾರೆ.

ನಿಮ್ಮಷ್ಟು ಓಡಿಸದವರೂ ಇದನ್ನು ಓದುತ್ತಿರಬಹುದು. ವರ್ಷಕ್ಕೆ 10,000 ಕಿ.ಮೀ. ಆದರೆ ಉಳಿಯುವುದು 22,000 ರೂಪಾಯಿಯಷ್ಟೇ. ಸಾಲದ ಮೇಲೆ ಕೊಂಡರೆ ಹದಿನೆಂಟು ವರ್ಷ ಬೇಕು, ಬೇಡವೇ ಬೇಡ. 30,000 ಕಿ.ಮೀ. ಆದರೆ ವರ್ಷಕ್ಕೆ 66,000 ಉಳಿದು ಆರು ವರ್ಷಕ್ಕೆ ಸರಿಹೋಗುತ್ತದೆ. ಇನ್ನು ಗೇರ್ ಹಾಕಿ ಓಡಿಸಲು ಬೇಸರವಿಲ್ಲದವರಿಗೆ ಹೈಬ್ರಿಡ್‌ನ ಲೆಕ್ಕ ಕೂಡುವುದೇ ಇಲ್ಲ. ಮ್ಯಾನುವಲ್ ಪೆಟ್ರೋಲ್ ಕಾರಿನ ಬೆಲೆ ಇನ್ನೂ ಲಕ್ಷಕ್ಕೂ ಮಿಕ್ಕಿ ಕಡಿಮೆ, ಮೈಲೇಜ್ 16-17. ಹೈಬ್ರಿಡ್‌ನ ಎದುರಾಳಿ ಯಾವತ್ತೂ ಆಟೊಮ್ಯಾಟಿಕ್ ಕಾರು. ಮ್ಯಾನುವಲ್ ಜೊತೆ ಹೋಲಿಸಿ ಕೊಂಡವರು ಆಮೇಲೆ ಬೇಸರಪಡುತ್ತಾರೆ.

ಬಿಲ್ಲಿನ ಕೆಲವು ಸಣ್ಣ ಸಂಗತಿಗಳು. 2025ರ ಸೆಪ್ಟೆಂಬರ್ 22ರಿಂದ ಈ ಗಾತ್ರದ ಕಾರುಗಳಿಗೆ, ಹೈಬ್ರಿಡ್ ಆಗಲಿ ಡೀಸೆಲ್ ಆಗಲಿ, ಜಿಎಸ್‌ಟಿ 40%. ವಿದ್ಯುತ್ ಕಾರಿಗೆ 5%. ನಾಲ್ಕು ಮೀಟರಿನೊಳಗಿನ ಕಾರಿಗೆ ಮಾತ್ರ 18%, ಅದೂ ಪೆಟ್ರೋಲ್ ಆದರೆ 1,200 ಸಿಸಿಯೊಳಗೆ, ಡೀಸೆಲ್ ಆದರೆ 1,500 ಸಿಸಿಯೊಳಗೆ ಇದ್ದರೆ. ಥರ್ಡ್ ಪಾರ್ಟಿ ವಿಮೆಯಲ್ಲಿ ಹೈಬ್ರಿಡ್‌ಗೆ 2022ರಿಂದ 7.5% ರಿಯಾಯಿತಿ ಇದೆ, 1,500 ಸಿಸಿ ಒಳಗಿನ ಕಾರಿಗೆ ಅದು 256 ರೂಪಾಯಿ, ಅಷ್ಟೇ. ಸ್ವಂತ ಹಾನಿಯ ವಿಮೆ ಕಾರಿನ ಬೆಲೆಯ ಮೇಲೆ ನಿಂತಿರುವುದರಿಂದ ಅಲ್ಲಿ ಹೆಚ್ಚೇ ಬೀಳುತ್ತದೆ. 10 ಲಕ್ಷ ಮೀರಿದ ಕಾರಿಗೆ 1% ಟಿಸಿಎಸ್, ಅಂದರೆ ಮುಂಗಡ ಆದಾಯ ತೆರಿಗೆ, ಹಿಡಿಯುತ್ತಾರೆ, ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ಅದನ್ನು ಮರೆಯದೆ ವಾಪಸ್ ಪಡೆಯಿರಿ. ಎಕ್ಸ್‌ಷೋರೂಮ್ ಬೆಲೆ 20 ಲಕ್ಷದ ಅಂಚಿನಲ್ಲಿದ್ದರೆ ಒಂದು ವೇರಿಯಂಟ್ ಕೆಳಗಿಳಿಯುವುದು ಜಾಣತನ. ಗೆರೆ ದಾಟಿದರೆ ಇಡೀ ಬೆಲೆಗೆ 1% ಹೆಚ್ಚು ತೆರಿಗೆ ಬೀಳುತ್ತದೆ.

ನಿಮ್ಮ ಭಾವನ ಮಾತನ್ನು ತಳ್ಳಿಹಾಕುವಂತಿಲ್ಲ. ಈ ಗಾತ್ರದ ಡೀಸೆಲ್ ಆಟೊಮ್ಯಾಟಿಕ್ ನಿಮ್ಮ ದಾರಿಯಲ್ಲಿ 17 ಕೊಡುತ್ತದೆ ಎಂದುಕೊಳ್ಳಿ. ಡೀಸೆಲ್ 92 ರೂಪಾಯಿ ಆದರೆ ಕಿ.ಮೀ.ಗೆ 5.40. ಹೈಬ್ರಿಡ್‌ನದು 4.95. ವರ್ಷಕ್ಕೆ ಹತ್ತು ಸಾವಿರದಷ್ಟು ಅಂತರ. ಅದೇ ಹೈವೇ ಓಟವೇ ಹೆಚ್ಚಾದರೆ ಡೀಸೆಲ್ 20 ಕೊಟ್ಟು ಕಿ.ಮೀ.ಗೆ 4.60ಕ್ಕೆ ಬರುತ್ತದೆ, ಹೈಬ್ರಿಡ್ 19.5ಕ್ಕೆ ಇಳಿದು 5.30ಕ್ಕೆ ಹೋಗುತ್ತದೆ. ಸಿಂಧನೂರು, ರಾಯಚೂರು, ಕೊಪ್ಪಳ ಅಂತ ದಿನಕ್ಕೆ 150-200 ಕಿ.ಮೀ. ಸುತ್ತುವ ಗುತ್ತಿಗೆದಾರರಿಗೆ, ಕಾಟನ್ ಮಿಲ್ಲಿನವರಿಗೆ ನಾನು ಇವತ್ತಿಗೂ ಡೀಸೆಲ್ಲೇ ಹೇಳುತ್ತೇನೆ. ಡೀಸೆಲ್‌ನ ತೊಂದರೆ ಇರುವುದು ಸೈಲೆನ್ಸರ್ ದಾರಿಯ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರಿನಲ್ಲಿ. ಊರೊಳಗೆ ಐದಾರು ಕಿ.ಮೀ. ಓಡಿಸಿ ನಿಲ್ಲಿಸುತ್ತಿದ್ದರೆ ಮಸಿ ಸುಡಲು ಬೇಕಾದ ಬಿಸಿ ಬರುವುದಿಲ್ಲ, ಫಿಲ್ಟರ್ ಕಟ್ಟಿಕೊಂಡು ಕಾರು ಲಿಂಪ್ ಮೋಡಿಗೆ ಹೋಗುತ್ತದೆ, ಅಂದರೆ ಶಕ್ತಿ ತಗ್ಗಿಸಿಕೊಂಡು ಕುಂಟುತ್ತದೆ. ನಿಮ್ಮ ದಾರಿಗೆ ಆ ಭಯವಿಲ್ಲ. ಹಾಗಾಗಿ ಡೀಸೆಲ್ ತಪ್ಪು ಆಯ್ಕೆಯಲ್ಲ. ದಾರಿಯ ಅರ್ಧ ಭಾಗ ಲಾರಿ ಸಾಲಿನಲ್ಲೇ ಕಳೆಯುವವರಿಗೆ ಹೈಬ್ರಿಡ್ ಒಂದು ಕೈ ಮೇಲು ಎನ್ನುವುದು ನನ್ನ ತೂಕ. ಹತ್ತು ವರ್ಷಕ್ಕೆ ಡೀಸೆಲ್ ನಿಲ್ಲಿಸುತ್ತಾರೆ ಎಂಬ ಮಾತು ದೆಹಲಿ ಸುತ್ತಮುತ್ತಲ ನಿಯಮದಿಂದ ಹುಟ್ಟಿದ್ದು. ಕರ್ನಾಟಕದಲ್ಲಿ ಖಾಸಗಿ ಕಾರಿಗೆ 15 ವರ್ಷದ ನೋಂದಣಿ, ಆಮೇಲೆ ನವೀಕರಣ.

ಸ್ವಂತ ಮನೆ, ನೆಲಮಹಡಿಯಲ್ಲಿ ನಿಮ್ಮದೇ ಮೀಟರಿನ ಪಕ್ಕ ನಿಲ್ಲಿಸುವ ಜಾಗ ಇದ್ದಿದ್ದರೆ ದಿನಕ್ಕೆ 70 ಕಿ.ಮೀ. ಓಡಾಟಕ್ಕೆ ವಿದ್ಯುತ್ ಕಾರನ್ನೇ ಹೇಳುತ್ತಿದ್ದೆ. ಮನೆಯ ಕರೆಂಟಿನಲ್ಲಿ ಕಿ.ಮೀ.ಗೆ ಒಂದು ರೂಪಾಯಿ ಆಸುಪಾಸು ಬೀಳುತ್ತದೆ. ಬಾಡಿಗೆ ಮನೆ, ಮೇಲಿನ ಮಹಡಿ, ರಸ್ತೆ ಬದಿ ಕಾರು, ಈ ಮೂರೂ ಸೇರಿದ್ದರಿಂದ ಆ ದಾರಿ ಈಗ ನಿಮಗೆ ಕಷ್ಟ.

ಇನ್ನು ಬ್ಯಾಟರಿ ಮತ್ತು ಬಿಸಿಲು. ನಿಮ್ಮ ಭಯಕ್ಕೆ ಅರ್ಥವಿದೆ, ಆದರೆ ಭಯ ಪಡಬೇಕಾದ ಜಾಗ ಬೇರೆ. ಹೈಬ್ರಿಡ್ ಬ್ಯಾಟರಿ ಬಹಳ ಚಿಕ್ಕದು. ಹೈರೈಡರ್‌ನದು 0.76 ಕಿಲೋವ್ಯಾಟ್ ಅವರ್ ಲಿಥಿಯಂ ಬ್ಯಾಟರಿ, ವಿದ್ಯುತ್ ಕಾರುಗಳಲ್ಲಿ ಅದರ ನಲವತ್ತು ಐವತ್ತು ಪಟ್ಟು ಇರುತ್ತದೆ. ಹೈಕ್ರಾಸ್‌ನದು ನಿಕಲ್ ಮೆಟಲ್ ಹೈಡ್ರೈಡ್. ಇವನ್ನು ಪೂರ್ತಿ ತುಂಬಿಸುವುದೂ ಇಲ್ಲ, ಪೂರ್ತಿ ಖಾಲಿ ಮಾಡುವುದೂ ಇಲ್ಲ. ಕಂಪ್ಯೂಟರು ನಡುವಿನ ಮಟ್ಟದಲ್ಲೇ ಆಡಿಸುತ್ತದೆ, ಅದಕ್ಕೇ ಬಾಳಿಕೆ ಹೆಚ್ಚು. ಟೊಯೊಟಾ ಈ ಬಗೆಯ ಪ್ರಿಯಸ್ ಕಾರನ್ನು ಜಪಾನಿನಲ್ಲಿ ಮಾರಲು ತೊಡಗಿದ್ದು 1997ರಲ್ಲಿ, ತಂತ್ರಜ್ಞಾನ ಹೊಸದೇನಲ್ಲ. ಇಲ್ಲಿ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದರ ವಾರಂಟಿ ಇದೆ. ನೀವು ವರ್ಷಕ್ಕೆ 22,000 ಓಡಿಸಿದರೆ ಏಳು ವರ್ಷ ಮೂರು ತಿಂಗಳಿಗೇ ಕಿಲೋಮೀಟರ್ ಮುಗಿಯುತ್ತದೆ ಎನ್ನುವುದು ನೆನಪಿರಲಿ. ಅದಾದ ಮೇಲೆ ಬ್ಯಾಟರಿ ಹೋದರೆ ಲಕ್ಷ ಮೀರಿದ ಖರ್ಚು ಎಂದೇ ಎಣಿಸಿಡಿ. ಕೊಳ್ಳುವ ಮುಂಚೆ ಬಿಡಿಭಾಗದ ಕೌಂಟರಿನಿಂದ ಬ್ಯಾಟರಿಯ ಇವತ್ತಿನ ಬೆಲೆಯನ್ನು ಲಿಖಿತವಾಗಿ ಕೇಳಿ, ಕೊಡದಿದ್ದರೆ ಒತ್ತಾಯ ಮಾಡಿ.

ಬ್ಯಾಟರಿಯನ್ನು ತಂಪು ಮಾಡುವುದು ಬಹುತೇಕ ಮಾದರಿಗಳಲ್ಲಿ ಕಾರಿನೊಳಗಿನ ಗಾಳಿಯೇ. ಒಂದು ಸಣ್ಣ ಫ್ಯಾನು ಸೀಟಿನ ಕೆಳಗಿನ ಅಥವಾ ಪಕ್ಕದ ಜಾಲರಿಯಿಂದ ಗಾಳಿ ಎಳೆದು ಬ್ಯಾಟರಿ ಮೇಲೆ ಹಾಯಿಸುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ 60 ದಾಟುತ್ತದೆ. ಆಗ ಫ್ಯಾನು ಎಳೆಯುವುದು ಬೆಂಕಿಯಂಥ ಗಾಳಿಯನ್ನೇ. ಕಂಪ್ಯೂಟರು ಬ್ಯಾಟರಿಯನ್ನು ಕಾಪಾಡಲು ಚಾರ್ಜ್ ಮಾಡುವುದನ್ನೂ ಬಳಸುವುದನ್ನೂ ತಗ್ಗಿಸುತ್ತದೆ, ಇಂಜಿನ್ ಹೆಚ್ಚು ಹೊತ್ತು ಓಡುತ್ತದೆ. ಜೊತೆಗೆ ಏಸಿ ಕಂಪ್ರೆಸರ್ ಕೂಡ ಇದೇ ಬ್ಯಾಟರಿಯಿಂದ ನಡೆಯುವಂಥದ್ದು. ಬೇಸಿಗೆ ಮಧ್ಯಾಹ್ನ ಸಿಗ್ನಲ್‌ನಲ್ಲಿ ನಿಂತಾಗ ಎರಡು ಮೂರು ನಿಮಿಷಕ್ಕೆ ಇಂಜಿನ್ ತಾನಾಗಿ ಹಚ್ಚಿಕೊಂಡರೆ ಅದು ಕೆಟ್ಟಿದ್ದಲ್ಲ. ಆ ತಿಂಗಳುಗಳಲ್ಲಿ ಮೈಲೇಜ್ ಎರಡು ಮೂರು ಕಿ.ಮೀ. ಇಳಿಯುವುದು ಸಹಜ. ಆದರೂ ಬೇರೆ ಕಾರಿನಲ್ಲಿ ಇಂಜಿನ್ ಆರಿದರೆ ಏಸಿ ಬರೀ ಗಾಳಿ ಬೀಸುತ್ತದೆ, ಇದರಲ್ಲಿ ತಂಪು ನಿಲ್ಲುವುದಿಲ್ಲ. ರೈಲ್ವೆ ಗೇಟಿನಲ್ಲಿ ಹತ್ತು ನಿಮಿಷ ನಿಂತವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಮಾಡಬೇಕಾದ್ದು ಹೀಗೆ. ಬಿಸಿಲಲ್ಲಿ ನಿಂತ ಕಾರು ಹತ್ತಿದ ತಕ್ಷಣ ನಾಲ್ಕೂ ಗಾಜು ಇಳಿಸಿ ಒಂದೆರಡು ನಿಮಿಷ ಓಡಿಸಿ, ಬಿಸಿಗಾಳಿ ಹೋದ ಮೇಲೆ ಗಾಜು ಏರಿಸಿ ಏಸಿ ಹಾಕಿ. ಮುಂದಿನ ಗಾಜಿಗೆ ಬಿಸಿಲು ತಡೆಯುವ ಹಾಳೆ ಇಡಿ, ಆದಷ್ಟು ಬೇವಿನ ಮರದಡಿ ನಿಲ್ಲಿಸಿ. ಒಳಗೆ ಮನುಷ್ಯರಿಗೆ ತಂಪಿದ್ದರೆ ಬ್ಯಾಟರಿಗೂ ತಂಪು.

ಬಿಸಿಲಿಗಿಂತ ನನಗೆ ಹೆಚ್ಚು ಚಿಂತೆ ಇರುವುದು ಧೂಳಿನದು. ತಂಪಿನ ಗಾಳಿ ಬರುವ ಜಾಲರಿಯ ಹಿಂದೆ ಒಂದು ಫಿಲ್ಟರ್ ಇರುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಅದಿರಿನ ಪುಡಿ, ಭತ್ತದ ಹೊಟ್ಟಿನ ದೂಳು, ರಾಯಚೂರು ಕಡೆ ಓಡಾಡುವವರಿಗೆ ಹತ್ತಿಯ ಅರಳೆ ಎಳೆ, ಇವೆಲ್ಲ ಅಲ್ಲಿ ಕೂತು ಕಂಬಳಿಯ ಹಾಗೆ ಮುಚ್ಚಿಕೊಳ್ಳುತ್ತವೆ. ಗಾಳಿ ಸಾಲದೆ ಬ್ಯಾಟರಿ ಕಾಯುತ್ತದೆ. ಹೈಬ್ರಿಡ್ ಬ್ಯಾಟರಿ ಅಕಾಲಕ್ಕೆ ಸೊರಗಲು ಮುಖ್ಯ ಕಾರಣಗಳಲ್ಲಿ ಇದೊಂದು, ತಪ್ಪಿಸಲು ತೀರ ಸುಲಭವಾದದ್ದೂ ಇದೇ. ಪ್ರತಿ 10,000 ಕಿ.ಮೀ. ಸರ್ವಿಸ್‌ನಲ್ಲಿ ಈ ಫಿಲ್ಟರ್ ತೆಗೆದು ಸ್ವಚ್ಛ ಮಾಡಲು ಜಾಬ್ ಕಾರ್ಡಿನಲ್ಲಿ ಬರೆಸಿ, ಏಸಿಯ ಕ್ಯಾಬಿನ್ ಫಿಲ್ಟರ್ ಅಲ್ಲ ಎಂದು ಒತ್ತಿ ಹೇಳಿ. ನಿಮ್ಮ ದಾರಿಗೆ ನಡುವೆ ಇನ್ನೊಮ್ಮೆ, 5,000ಕ್ಕೆ ನೋಡಿಸಿದರೆ ಇನ್ನೂ ಒಳ್ಳೆಯದು. ಕಾರಿನೊಳಗೆ ಏಸಿಯನ್ನು ಒಳಗಾಳಿ ಮೋಡಿನಲ್ಲೇ ಇಟ್ಟು ಓಡಿಸಿ.

ಅಕ್ಕಿ ಚೀಲದ ವಿಷಯವೂ ಇದಕ್ಕೇ ಸೇರುತ್ತದೆ. ಬ್ಯಾಟರಿ ಡಿಕ್ಕಿಯ ನೆಲದಡಿ ಇರುವ ಮಾದರಿಗಳಲ್ಲಿ ಡಿಕ್ಕಿ ಕಿರಿದು. ಹೈರೈಡರ್, ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ನಲ್ಲಿ ಮಾಮೂಲಿ ಪೆಟ್ರೋಲ್ ಕಾರಿಗಿಂತ ಸುಮಾರು 100 ಲೀಟರ್ ಜಾಗ ಕಡಿಮೆ. ಚೀಲ ಹಿಡಿಸದೆ ಹಿಂದಿನ ಸೀಟಿನ ಮೇಲೆ, ಕಾಲಿಡುವ ಜಾಗದಲ್ಲಿ ಇಡುವಾಗ ಜಾಲರಿ ಮುಚ್ಚುವ ಸಾಧ್ಯತೆ ಬಹಳ. ಕೈಪಿಡಿಯಲ್ಲಿ ಚಿತ್ರ ನೋಡಿ ಜಾಲರಿ ಎಲ್ಲಿದೆ ಎಂದು ಮನೆಯವರಿಗೆಲ್ಲ ತೋರಿಸಿ. ಸೋರುವ ಚೀಲವನ್ನು ಹಾಗೇ ಇಡಬೇಡಿ, ಕೆಳಗೆ ದಪ್ಪ ತಾಡಪಾಲು ಹಾಸಿ.

ಅಕ್ಕಿ ಕಾಳು ಬಿದ್ದಲ್ಲಿ ಇಲಿ ಬರುತ್ತದೆ, ಭತ್ತದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ರಸ್ತೆ ಬದಿ ನಿಲ್ಲುವ ಕಾರಿನ ಬಾನೆಟ್ಟಿನೊಳಗೆ ಇಲಿ ವೈರು ಕಡಿದರೆ ಸಾಮಾನ್ಯ ಕಾರಿನಲ್ಲಿ ಎಲೆಕ್ಟ್ರಿಷಿಯನ್ ಕತ್ತರಿಸಿ ಕಟ್ಟಿ ಟೇಪು ಸುತ್ತಿ ಕಳಿಸುತ್ತಾರೆ. ಹೈಬ್ರಿಡ್‌ನ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಅವನ್ನು ಕಟ್ಟುವಂತಿಲ್ಲ, ಇಡೀ ಕೇಬಲ್ ಬದಲಿಸಬೇಕು, ಅದು ದುಬಾರಿ. ಹದಿನೈದು ದಿನಕ್ಕೊಮ್ಮೆ ಬಾನೆಟ್ ಎತ್ತಿ ಹಿಕ್ಕೆ, ಕಡಿದ ಗುರುತು ನೋಡಿ. ವಿಮೆ ಮಾಡಿಸುವಾಗ ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಹಣ ಕೊಡುವ ವಿಮೆ) ಜೊತೆಗೆ ಹೈಬ್ರಿಡ್ ಬ್ಯಾಟರಿ ಮತ್ತು ಮೋಟಾರಿಗೆ ಪ್ರತ್ಯೇಕ ರಕ್ಷಣೆ ಇದೆಯೇ, ಇಲಿ ಕಡಿತ ಅದರಲ್ಲಿ ಸೇರುತ್ತದೆಯೇ ಎಂದು ಪಾಲಿಸಿಯ ಸಾಲನ್ನೇ ಓದಿ ನೋಡಿ, ಏಜೆಂಟರ ಬಾಯಿಮಾತು ಸಾಲದು.

ದಾರಿಯಲ್ಲಿ ಕೆಟ್ಟು ನಿಂತರೆ ಎಂಬ ಪ್ರಶ್ನೆಗೆ ಬರೋಣ. ನಿಲ್ಲಿಸುವುದು ಬಹುತೇಕ ದೊಡ್ಡ ಬ್ಯಾಟರಿಯಲ್ಲ, ಮಾಮೂಲಿ 12 ವೋಲ್ಟಿನ ಚಿಕ್ಕ ಬ್ಯಾಟರಿ. ಇಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿಯ ಕೆಲಸವಾದ್ದರಿಂದ 12 ವೋಲ್ಟಿನದನ್ನು ಪುಟ್ಟದಾಗಿಯೇ ಕೊಟ್ಟಿರುತ್ತಾರೆ. ಅದು ಕಂಪ್ಯೂಟರುಗಳನ್ನು ಎಬ್ಬಿಸದಿದ್ದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಬ್ರೇಕ್ ಒತ್ತದೆ ಸ್ಟಾರ್ಟ್ ಬಟನ್ ಒತ್ತಿ ಹಾಡು ಕೇಳುತ್ತ ಕೂತರೆ ಅರ್ಧ ಮುಕ್ಕಾಲು ತಾಸಿಗೇ ಅದು ಬಸವಳಿಯಬಹುದು. ಬ್ರೇಕ್ ಒತ್ತಿ ಬಟನ್ ಒತ್ತಿ, ಮೀಟರಿನಲ್ಲಿ ರೆಡಿ ದೀಪ ಹತ್ತಿದ ಮೇಲೆ ಏನು ಬೇಕಾದರೂ ಹಾಕಿ, ಆಗ ದೊಡ್ಡ ಬ್ಯಾಟರಿಯೇ ಚಿಕ್ಕದನ್ನು ತುಂಬುತ್ತಿರುತ್ತದೆ. ಎರಡು ಮೂರು ವಾರ ಊರಿಗೆ ಹೋಗುವವರು ಯಾರಿಗಾದರೂ ಹೇಳಿ ವಾರಕ್ಕೊಮ್ಮೆ ಅರ್ಧ ತಾಸು ರೆಡಿಯಲ್ಲಿಟ್ಟು ಓಡಿಸಲು ತಿಳಿಸಬೇಕು. ಬ್ಯಾಟರಿ ಇಳಿದರೆ ಬೇರೆ ಕಾರಿನಿಂದ ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೆ ಜಂಪ್ ಕೊಟ್ಟು ಎಬ್ಬಿಸಬಹುದು. ನಿಮ್ಮ ಹೈಬ್ರಿಡ್‌ನಿಂದ ಇನ್ನೊಬ್ಬರ ಲಾರಿ, ಟ್ರ್ಯಾಕ್ಟರಿಗೆ ಜಂಪ್ ಕೊಡಲು ಹೋಗಬೇಡಿ, ದೊಡ್ಡ ಬ್ಯಾಟರಿಯಿಂದ ಚಿಕ್ಕದನ್ನು ತುಂಬುವ ಕನ್ವರ್ಟರ್ ಸುಟ್ಟುಹೋದೀತು.

ರೆಡಿ ದೀಪದ ಬಗ್ಗೆ ಇನ್ನೊಂದು ಮಾತು, ಇದು ಪ್ರಾಣದ ವಿಷಯ. ಕಾರು ಸದ್ದಿಲ್ಲದೆ ನಿಂತಿದೆ ಎಂದು ಆಫ್ ಮಾಡದೆ ಇಳಿದರೆ, ಬ್ಯಾಟರಿ ಇಳಿದಾಗ ಇಂಜಿನ್ ತಾನಾಗಿ ಹಚ್ಚಿಕೊಳ್ಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಆ ಹೊಗೆ ಅಪಾಯ. ಮಕ್ಕಳು ಬ್ರೇಕ್, ಗೇರ್ ಮುಟ್ಟಿ ಆಡಿದರೆ ಸದ್ದಿಲ್ಲದೆ ಕಾರು ಚಲಿಸಿಬಿಡಬಹುದು.

ಎಳೆದುಕೊಂಡು ಹೋಗುವ ಪ್ರಸಂಗ ಬಂದರೆ ಚಕ್ರಗಳೆಲ್ಲ ನೆಲ ಬಿಟ್ಟು ಮೇಲೇರುವ ಫ್ಲಾಟ್‌ಬೆಡ್ ಗಾಡಿಯೇ ಬೇಕು. ಮುಂದಿನ ಚಕ್ರ ನೆಲದ ಮೇಲೆ ಉರುಳಿದರೆ ಮೋಟಾರು ತಿರುಗಿ ಕರೆಂಟು ಹುಟ್ಟಿಸುತ್ತದೆ, ಒಳಗಿನ ಭಾಗ ಸುಡಬಹುದು. ಎರೆ ಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಹೂತುಕೊಂಡರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಟ್ಟಿ ನೆಲದವರೆಗೆ ನ್ಯೂಟ್ರಲ್‌ನಲ್ಲಿ ಮೆಲ್ಲಗೆ ಎಳೆಸಿ, ಅಲ್ಲಿಗೆ ನಿಲ್ಲಿಸಿ. ಹೂತಾಗ ಎಕ್ಸಲೇಟರ್ ತುಳಿದು ಚಕ್ರ ಸುತ್ತಿಸುತ್ತ ಕೂರಬೇಡಿ.

ಊರಿನ ಮೆಕ್ಯಾನಿಕ್ ಏನು ಮಾಡಬಹುದು? ಟೈರು, ಬಲ್ಬು, ವೈಪರ್, 12 ವೋಲ್ಟ್ ಬ್ಯಾಟರಿ, ಏರ್ ಫಿಲ್ಟರ್, ಸಸ್ಪೆನ್ಶನ್, ಇವೆಲ್ಲ ಮಾಡಿಸಬಹುದು. ಇಂಜಿನ್ ಆಯಿಲ್ ಕೂಡ, ಆದರೆ ಕೈಪಿಡಿ ಹೇಳಿದ ತೆಳು ಗ್ರೇಡೇ ಆಗಬೇಕು, 0ಡಬ್ಲ್ಯು-16 ಅಥವಾ 0ಡಬ್ಲ್ಯು-20. ಒಂದೇ ಪಯಣದಲ್ಲಿ ಇಂಜಿನ್ ಹತ್ತಾರು ಸಲ ಆರಿ ಹಚ್ಚಿಕೊಳ್ಳುವಾಗ ಆಯಿಲ್ ಕ್ಷಣದಲ್ಲಿ ಮೇಲೇರಬೇಕು. ಗಟ್ಟಿ 20ಡಬ್ಲ್ಯು-40 ಹಾಕಿದರೆ ಸವೆತ ಹೆಚ್ಚು, ಮೈಲೇಜೂ ಹೋಗುತ್ತದೆ. ಬ್ರೇಕ್ ಕೆಲಸವನ್ನು ಮಾತ್ರ ತಿಳಿದವರ ಕೈಗೇ ಕೊಡಿ. ಕೆಲವು ಹೈಬ್ರಿಡ್‌ಗಳಲ್ಲಿ ಬ್ರೇಕಿನ ಒತ್ತಡ ಪಂಪಿನಿಂದ ಬರುತ್ತದೆ, ಪಂಪು ತಾನಾಗಿ ಓಡಿದರೆ ಬೆರಳು ಸಿಕ್ಕೀತು, ಗಾಳಿ ತೆಗೆಯಲೂ ಸ್ಕ್ಯಾನರ್ ಬೇಕು. ಸಮಾಧಾನದ ಸಂಗತಿ ಎಂದರೆ ಬ್ರೇಕ್ ಪ್ಯಾಡು ಇದರಲ್ಲಿ ಸಾಮಾನ್ಯ ಕಾರಿಗಿಂತ ಬಹಳ ಹೆಚ್ಚು ಬಾಳುತ್ತದೆ. ಕ್ಲಚ್ ಪ್ಲೇಟಿನ ಖರ್ಚಿಲ್ಲ. ಟೊಯೊಟಾ ಬಗೆಯವುಗಳಲ್ಲಿ ಸ್ಟಾರ್ಟರ್ ಮೋಟಾರೂ ಇಲ್ಲ, ಆಲ್ಟರ್ನೇಟರೂ ಇಲ್ಲ, ಕೆಡುವುದೂ ಇಲ್ಲ. ಹೆಚ್ಚುವರಿಯಾಗಿ ನೋಡಬೇಕಾದ್ದು ಇನ್‌ವರ್ಟರಿನ (ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹೊಂದಿಸುವ ಭಾಗ) ಕೂಲಂಟ್. ಇಂಜಿನ್ ಕೂಲಂಟಿಗೂ ಇದಕ್ಕೂ ಬೇರೆ ಬೇರೆ ಡಬ್ಬಿ. ನಮ್ಮ ಬಿಸಿಲಿಗೆ ಎರಡನ್ನೂ ತಿಂಗಳಿಗೊಮ್ಮೆ ಕಣ್ಣಾರೆ ನೋಡಿ, ನಲ್ಲಿ ನೀರು ಸುರಿಯಬೇಡಿ. ಬಾನೆಟ್ ಒಳಗೆ ಪ್ರೆಷರ್ ನೀರು ಹೊಡೆಸಬೇಡಿ. ಹೊರಗಿನಿಂದ ಸಿಎನ್‌ಜಿ ಕಿಟ್, ವೈರು ಕತ್ತರಿಸಿ ಕೂರಿಸುವ ದೀಪ, ಆಂಪ್ಲಿಫೈಯರ್ ಹಾಕಿಸಿದರೆ ವಾರಂಟಿ ಕೈಬಿಡಲು ಕಂಪನಿಗೆ ನೀವೇ ದಾರಿ ಮಾಡಿಕೊಟ್ಟಂತೆ.

ಬ್ಯಾಟರಿ ಸೊರಗುತ್ತಿರುವುದಕ್ಕೆ ಮುನ್ಸೂಚನೆಗಳಿವೆ. ಪರದೆಯ ಮೇಲಿನ ಬ್ಯಾಟರಿ ಗೆರೆಗಳು ಕೆಲವೇ ನಿಮಿಷದಲ್ಲಿ ತುಂಬಿ ಹಾಗೇ ಇಳಿಯುವುದು, ಹಿಂದಿನ ಫ್ಯಾನು ತಂಪು ಹೊತ್ತಿನಲ್ಲೂ ಜೋರಾಗಿ ಕೂಗುವುದು, ಚಳಿಗಾಲದಲ್ಲೂ ಮೈಲೇಜ್ ಏರದಿರುವುದು. ದೀಪ ಹತ್ತಿ ಸ್ಕ್ಯಾನರಿನಲ್ಲಿ ಪಿ0ಎ80 ಎಂದು ಬಂದರೆ ಬ್ಯಾಟರಿ ಪ್ಯಾಕಿನ ದೋಷ. ವಾರಂಟಿ ಮುಗಿಯುವ ಎರಡು ತಿಂಗಳ ಮುಂಚೆ ಹೈಬ್ರಿಡ್ ತಪಾಸಣೆ ಮಾಡಿಸಿ ಅದರ ಮುದ್ರಿತ ವರದಿ ಇಟ್ಟುಕೊಳ್ಳಿ. ಮಾರುವಾಗಲೂ ಆ ಹಾಳೆ ಬೆಲೆ ತರುತ್ತದೆ.

ಓಡಿಸುವ ರೀತಿಯಿಂದ ಎರಡು ಮೂರು ಕಿ.ಮೀ. ಮೈಲೇಜ್ ಗಳಿಸಬಹುದು. ಮುಂದಿನ ಲಾರಿ ನಿಧಾನವಾಗುವುದು ಕಂಡಾಗಲೇ ಎಕ್ಸಲೇಟರ್ ಬಿಟ್ಟು, ಉದ್ದಕ್ಕೆ ಮೆಲ್ಲಗೆ ಬ್ರೇಕ್ ಒತ್ತಿ. ಕೊನೆ ಗಳಿಗೆಯಲ್ಲಿ ಜೋರಾಗಿ ಒತ್ತಿದರೆ ಶಕ್ತಿ ಪ್ಯಾಡಿಗೆ ಹೋಗುತ್ತದೆ, ಬ್ಯಾಟರಿಗಲ್ಲ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕುವ ಹಳೆ ಅಭ್ಯಾಸ ಬಿಡಿ, ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಸಂಡೂರಿನ ಇಳಿಜಾರಿನಲ್ಲಿ ಗೇರಿನ ಬಿ ಮೋಡ್ (ಕಾಲು ಬಿಟ್ಟಾಗ ಕಾರನ್ನು ಹೆಚ್ಚು ತಡೆಯುವ ಸ್ಥಾನ) ಬಳಸಿ, ಬಯಲಿನಲ್ಲಿ ಅದು ಬೇಡ. ಬರೀ ಮೋಟಾರಿನಿಂದ ಓಡುವಾಗ ಹತ್ತುವ ಇವಿ ದೀಪ ಉಳಿಸಿಕೊಳ್ಳಲೆಂದು 20ರ ವೇಗದಲ್ಲಿ ತೆವಳುವುದರಿಂದ ಉಳಿತಾಯವೇನಿಲ್ಲ. ಬೇಗ ವೇಗ ಹಿಡಿದು ಆಮೇಲೆ ಕಾಲು ಸಡಿಲಿಸುವುದೇ ಸರಿ. ಹೈವೇಯಲ್ಲಿ 85-90 ದಾಟಿಸದಿದ್ದರೆ ಹೈಬ್ರಿಡ್ ತನ್ನ ಬೆಲೆ ಉಳಿಸಿಕೊಳ್ಳುತ್ತದೆ.

ಬುಕ್ ಮಾಡುವ ಮುಂಚೆ ಟೆಸ್ಟ್ ಡ್ರೈವ್ ಅನ್ನು ಷೋರೂಮಿನ ಮುಂದಿನ ರಸ್ತೆಯಲ್ಲಿ ಐದು ನಿಮಿಷಕ್ಕೆ ಮುಗಿಸಬೇಡಿ. ಮಧ್ಯಾಹ್ನ ಎರಡು ಗಂಟೆಗೆ, ಮನೆಯವರನ್ನು ಕೂರಿಸಿಕೊಂಡು, ಏಸಿ ಪೂರ್ತಿ ಹಾಕಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ ಕುಡಿತಿನಿವರೆಗೆ ಹೋಗಿ ಬನ್ನಿ. ಹೈರೈಡರ್, ವಿಟಾರಾ ಹೈಬ್ರಿಡ್‌ನ ಒಟ್ಟು ಶಕ್ತಿ ಸುಮಾರು 115 ಪಿಎಸ್, ಇಂಜಿನ್ ಮೂರು ಸಿಲಿಂಡರಿನದು. ತುಂಬಿದ ಕಾರಿನಲ್ಲಿ 60ರಿಂದ 100ಕ್ಕೆ ಎತ್ತಿ ಲಾರಿ ಹಿಂದಿಕ್ಕುವಾಗ ಇಂಜಿನ್ ಜೋರಾಗಿ ಕೂಗುತ್ತದೆ, ಡೀಸೆಲ್ಲಿನ ಎಳೆತ ಸಿಗುವುದಿಲ್ಲ. ಸಿರುಗುಪ್ಪ ದಾರಿಯಲ್ಲಿ ಭತ್ತದ ಟ್ರ್ಯಾಕ್ಟರ್ ದಾಟುವಾಗ ಆ ಎಳೆತ ನಿಮಗೆ ಸಾಲುತ್ತದೆಯೇ ಎಂದು ಆಗಲೇ ತಿಳಿಯುತ್ತದೆ. ವಾಪಸ್ ಬಂದು ಎರಡು ಅಕ್ಕಿ ಚೀಲ ಡಿಕ್ಕಿಗಿಟ್ಟು ನೋಡಿ. ಆಮೇಲೆ ಮಾರಾಟದವರನ್ನು ಬಿಟ್ಟು ಸರ್ವಿಸ್ ಮ್ಯಾನೇಜರರನ್ನು ಕೇಳಿ: ಹೈ ವೋಲ್ಟೇಜ್ ಕೆಲಸಕ್ಕೆ ತರಬೇತಾದವರು ಈ ಬಳ್ಳಾರಿ ವರ್ಕ್‌ಶಾಪಿನಲ್ಲೇ ಎಷ್ಟು ಜನ ಇದ್ದಾರೆ, ಫ್ಲಾಟ್‌ಬೆಡ್ ಗಾಡಿ ಸಿಂಧನೂರಿಗೆ ಎಷ್ಟು ಹೊತ್ತಿನಲ್ಲಿ ಬರುತ್ತದೆ, 12 ವೋಲ್ಟ್ ಬ್ಯಾಟರಿ ಸ್ಟಾಕಿನಲ್ಲಿದೆಯೇ, ಇಲ್ಲದಿದ್ದರೆ ಎಷ್ಟು ದಿನ. ಹೆಸರು, ದಿನಗಳ ಲೆಕ್ಕ ಸಮೇತ ಉತ್ತರ ಬಂದರೆ ಬುಕ್ ಮಾಡಿ. ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸುತ್ತೇವೆ ಎಂದರೆ ಭಾವನ ಜೊತೆ ಹೋಗಿ ಡೀಸೆಲ್ ಕಾರನ್ನೂ ಒಮ್ಮೆ ಓಡಿಸಿ ಬನ್ನಿ.